ಫಾರ್ಮುಲಾ ಡಬ್ಬೀಲಿ ಪಾಮ್ ಎಣ್ಣೆ ಯಾಕೆ? ತಾಯಿ ಹಾಲಿನ ಥರದ ಕೊಬ್ಬು ಮಾಡೋಕೆ ಆಗಲ್ವಾ?

ಹೊಸ ಅಪ್ಪ: ಹಾಲು ಸಾಕಾಗ್ತಿಲ್ಲ ಅಂತ ಡಾಕ್ಟರ್ ಫಾರ್ಮುಲಾ ಬರ್ಕೊಟ್ರು, ಹತ್ತು ದಿನ ಆಯ್ತು, ಮಗು ಕಕ್ಕ ಆಡಿನ ಹಿಕ್ಕೆ ಥರ ಗಟ್ಟಿ, ಪಾಪ ಮುಖ ಕೆಂಪಗೆ ಮಾಡ್ಕೊಂಡು ತಿಣುಕತ್ತೆ. ರಾತ್ರಿ ನಿದ್ದೆ ಬರ್ದೆ ಡಬ್ಬಿ ಹಿಂದೆ ಓದಿದ್ರೆ ಪಾಮ್ ಓಲಿನ್ ಅಂತಿದೆ. ಬೋಂಡಾ ಕರಿಯೋ ಎಣ್ಣೆನಾ ಮಗುಗೆ ಕೊಡ್ತಿರೋದು?

ಎಣ್ಣೆ ಲ್ಯಾಬು: ಎಣ್ಣೆ ಕೆಟ್ಟದ್ದು ಅಂತಲ್ಲ ಸರ್, ಜೋಡಣೆ ಬೇರೆ. ಪಾಮ್ ಎಣ್ಣೇಲಿರೋ ಪಾಲ್ಮಿಟಿಕ್ ಆಸಿಡ್ ಅನ್ನೋ ಕೊಬ್ಬಿನಾಮ್ಲವೇ ತಾಯಿ ಹಾಲಿನ ಕೊಬ್ಬಲ್ಲೂ 20–25% ಇರೋದು. ಕೊಬ್ಬಿನ ಒಂದು ಅಣು ಅಂದ್ರೆ ಮೂರು ಗೂಟದ ಹಲಗೆ ಅಂದ್ಕೊಳಿ, ತಾಯಿ ಹಾಲಲ್ಲಿ ಈ ಪಾಲ್ಮಿಟಿಕ್ ಬಹುಪಾಲು ಮಧ್ಯದ ಗೂಟದಲ್ಲಿ ನೇತಾಡ್ತಿರುತ್ತೆ, ಪಾಮ್ ಎಣ್ಣೇಲಿ ಅಕ್ಕಪಕ್ಕದ ಗೂಟದಲ್ಲಿ. ಹೊಟ್ಟೆಯೊಳಗಿನ ಲೈಪೇಸ್, ಅಂದ್ರೆ ಕೊಬ್ಬು ಕರಗಿಸೋ ಕಿಣ್ವ, ಕತ್ತರಿಸೋದು ಅಕ್ಕಪಕ್ಕದ್ದನ್ನೇ, ಹಂಗೆ ಬಿಡಿಯಾದ ಪಾಲ್ಮಿಟಿಕ್ ಕ್ಯಾಲ್ಸಿಯಂ ಹಿಡ್ಕೊಂಡು ಸೋಪ್ ಆಗ್ಬಿಡುತ್ತೆ. ನಿಜವಾಗ್ಲೂ ಸೋಪು! ಬೋರ್‌ವೆಲ್ ನೀರಲ್ಲಿ ಬಟ್ಟೆ ಒಗೆದ್ರೆ ಬಕೆಟ್ಟಿಗೆ ಬೆಳ್ಳಗೆ ಅಂಟುತ್ತಲ್ಲ, ಅದೇ ಜಾತಿ. ಕಕ್ಕ ಗಟ್ಟಿ, ಕೊಬ್ಬು ಕ್ಯಾಲ್ಸಿಯಂ ಎರಡೂ ವೇಸ್ಟು.

ಹೊಸ ಅಪ್ಪ: ಹಂಗಾದ್ರೆ ಮಧ್ಯದ ಗೂಟಕ್ಕೇ ಹಾಕ್ಬೋದಲ್ವಾ?

ಎಣ್ಣೆ ಲ್ಯಾಬು: ಹಾಕಿದಾರೆ. ಪಾಮ್ ಎಣ್ಣೆಯ ಗಟ್ಟಿ ಭಾಗ, ಸ್ಟಿಯರಿನ್ ಅಂತೀವಿ, ಅದರಲ್ಲಿ ಮೂರೂ ಗೂಟದಲ್ಲೂ ಪಾಲ್ಮಿಟಿಕ್ ಇರೋ ಅಣು ಜಾಸ್ತಿ, ಅದನ್ನ ಓಲಿಯಿಕ್ ಆಸಿಡ್ ಅನ್ನೋ ಇನ್ನೊಂದು ಕೊಬ್ಬಿನಾಮ್ಲದ ಜೊತೆ ಬೆರೆಸಿ ಬೂಷ್ಟಿನ (ಶಿಲೀಂಧ್ರದ) ಲೈಪೇಸ್ ಬಿಡೋದು, ಅದು ಮಧ್ಯದ್ದನ್ನ ಮುಟ್ಟದೆ ಅಕ್ಕಪಕ್ಕದ್ದನ್ನ ಮಾತ್ರ ಅದಲು ಬದಲು ಮಾಡುತ್ತೆ. ಓಲಿಯಿಕ್-ಪಾಲ್ಮಿಟಿಕ್-ಓಲಿಯಿಕ್, ಅದಕ್ಕೇ ಓಪಿಓ ಅಂತ ಹೆಸರು, ಬೆಟಾಪೋಲ್ ಅನ್ನೋ ಬ್ರ್ಯಾಂಡು 90ರ ದಶಕದಿಂದಲೇ ಇದೆ. ಮಜಾ ಏನಂದ್ರೆ ಹಂದಿ ಕೊಬ್ಬಲ್ಲಿ ಪಾಲ್ಮಿಟಿಕ್ ಹುಟ್ಟಿನಿಂದಲೇ ಮಧ್ಯದ ಗೂಟದಲ್ಲಿದೆ, ಆದ್ರೆ ಡಬ್ಬಿ ಮೇಲೆ ಹಂಗೆ ಬರೆದ್ರೆ ನಮ್ಮಲ್ಲಿ ಯಾರ್ ತಗೋತಾರೆ.

ಸಂಶಯ ಸುಬ್ಬ: ಅದೊಂದೇ ಸರಿ ಮಾಡಿದ್ರೆ ತಾಯಿ ಹಾಲು ಆಗ್ಬಿಡಲ್ಲ ಗುರು. ತಾಯಿ ಹಾಲಿನ ಕೊಬ್ಬಿನ ಹನಿ ಸುಮಾರು 4 ಮೈಕ್ರಾನ್, ಸುತ್ತ ಮೂರು ಪದರದ ಪೊರೆ. ಮಾಮೂಲಿ ಫಾರ್ಮುಲಾದ್ದು 1 ಮೈಕ್ರಾನ್‌ಗಿಂತ ಸಣ್ಣ, ಮೇಲೆ ಹಾಲಿನ ಪ್ರೋಟೀನ್ ಅಷ್ಟೇ. ಪೊರೆ ಬೇಕು ಅಂತ ಈಗ ಹಸುವಿನ ಹಾಲಿಂದ ತೆಗೆದು ಸೇರಿಸ್ತಿದಾರೆ, ಡಿಎಚ್‌ಎ ಅನ್ನೋ ಒಮೆಗಾ-3 ಕೊಬ್ಬು ಪಾಚಿಯಿಂದ. ಒಂದೊಂದು ಸೇರಿಸಿದಂಗೂ ರೇಟು ಏರುತ್ತೆ ಅಷ್ಟೇ.

ಎರಡು ಮಕ್ಕಳಮ್ಮ: ಗೂಟ ಆಮೇಲೆ ಎಣಿಸಿ ಅಣ್ಣ, ಮೊದಲು ಸ್ಕೂಪ್ ನೋಡಿ. ತಲೆ ಸಮ ಮಾಡಿ ಹಾಕ್ತಿದೀರಾ? ನಾನು ಮೊದಲನೇದಕ್ಕೆ ಒತ್ತಿ ಒತ್ತಿ ತುಂಬ್ತಿದ್ದೆ, ನೀರು ಕಮ್ಮಿಯಾಗಿ ಹಿಂಗೇ ಆಗಿತ್ತು. ಸರಿ ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರ್ಸಿ, ನೀವೇ ಡಬ್ಬಿ ಬದಲಾಯಿಸ್ತಾ ಕೂರ್ಬೇಡಿ.

ಹೊಸ ಅಪ್ಪ: ಅಕ್ಕಾ, ಈಗ ನೋಡ್ದೆ. ನಮ್ಮತ್ತೆ ಗೋಪುರ ಕಟ್ತಿದಾರೆ. ಅವರಿಗೆ ಹೇಳೋದು ಯಾರು 😅