ಅಪ್‌ಡೇಟ್: ಮೊದಲ ಜಿಯು-ಜಿತ್ಸು ಕ್ಲಾಸ್ ಮುಗಿಸಿ ಬಂದೆ

ಹೋದ ವಾರ ಕೇಳಿದ್ದೆನಲ್ಲ, 38ರ ವಯಸ್ಸಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು (ನೆಲದ ಮೇಲೆ ಹಿಡಿದು ಮಣಿಸುವ, ಕುಸ್ತಿ ಥರದ ಆಟ) ಕ್ಲಾಸಿಗೆ ಹೋಗುವ ಮೊದಲು ಏನೆಲ್ಲ ತಯಾರಿ ಬೇಕು ಅಂತ? ಶನಿವಾರ ಬದಿಯಡ್ಕದಿಂದ ಬಸ್ ಹಿಡಿದು ಕಾಸರಗೋಡಿಗೆ ಹೋಗಿ ಬಂದೆ. ಕುತ್ತಿಗೆ ಇನ್ನೂ ಸರಿಯಾಗಿ ತಿರುಗುತ್ತಿಲ್ಲ.

"ಉಗುರು ಕತ್ತರಿಸಿ" ಅಂದವರಿಗೆ ಥ್ಯಾಂಕ್ಸ್. ಬಾಗಿಲಲ್ಲೇ ಕೈಕಾಲಿನ ಬೆರಳು ನೋಡಿದರು. "ಹಳೆ ಕರಾಟೆ ಡ್ರೆಸ್ ಸಾಕು" ಅನ್ನುವ ಸಲಹೆ ಮಾತ್ರ ಕೈಕೊಟ್ಟಿತು. ಇಲ್ಲಿ ಕಾಲರ್, ತೋಳು ಹಿಡಿದೇ ಎಳೆಯುತ್ತಾರೆ. ಆ ತೆಳು ಬಟ್ಟೆ ಹತ್ತೇ ನಿಮಿಷಕ್ಕೆ ಕಂಕುಳಲ್ಲಿ ಪರ್ರ್ ಅಂತ ಹರಿಯಿತು. ಅವರೇ ಒಂದು ದಪ್ಪ 'ಗೀ' (ಈ ಆಟದ ಡ್ರೆಸ್) ಕೊಟ್ಟರು.

ಜಾಸ್ತಿ ಉಪಯೋಗಕ್ಕೆ ಬಂದದ್ದು "ಉಸಿರು ಬಿಡುತ್ತಾ ಇರಿ" ಅನ್ನುವ ಮಾತು. ನಾನು ಊರಲ್ಲಿ ಕಬಡ್ಡಿ ಆಡಿದವನು, ಮೈಮೇಲೆ ಯಾರಾದರೂ ಬಿದ್ದರೆ ಉಸಿರು ಕಟ್ಟಿ ನುಗ್ಗುವುದೇ ಅಭ್ಯಾಸ. 5 ನಿಮಿಷದ ರೌಂಡಲ್ಲಿ ಎರಡನೇ ನಿಮಿಷಕ್ಕೇ ಕಣ್ಣು ಕತ್ತಲೆ. ಎದೆ ಮೇಲೆ ಕೂತಿದ್ದ ಹುಡುಗ ನನ್ನ ಅರ್ಧ ತೂಕವೂ ಇರಲಿಕ್ಕಿಲ್ಲ. "ಅಣ್ಣಾ, ಸ್ವಲ್ಪ ಉಸಿರು ಬಿಡಿ ಮಾರಾಯ್ರೆ" ಅಂದ! ಬಿಟ್ಟ ಮೇಲೆ ತಲೆ ಓಡಿತು.

ಆಶ್ಚರ್ಯ ಅಂದ್ರೆ, ಒದೆಯೂ ಇಲ್ಲ, ಗುದ್ದೂ ಇಲ್ಲ. ಅರ್ಧ ಕ್ಲಾಸು ಅಂಗಾತ ಮಲಗಿ, ಸಿಗಡಿ ಥರ ಮೈ ಮಡಚಿ ಹಿಂದೆ ಸರಿಯುವುದೇ ಆಯ್ತು. ಅದರ ಹೆಸರೂ ಶ್ರಿಂಪ್! ಮಾಷ್ (ಕಲಿಸುವ ಮೇಷ್ಟ್ರು) ಹೇಳಿದ್ದೆಲ್ಲ ಮಲಯಾಳದಲ್ಲಿ, ಆದರೆ "ಸೋತೆ, ಬಿಡು" ಅಂತ ಎದುರಿನವನ ಮೈ ತಟ್ಟಲು ಯಾವ ಭಾಷೆಯೂ ಬೇಡ. ನಾನು ಏಳು ಸಲ ತಟ್ಟಿದೆ. ನಾಚಿಕೆಗೆ ತಡ ಮಾಡಿದ್ದು ಒಂದೇ ಸಲ, ಮೊಣಕೈ ನೋವು ಅದರದ್ದೇ.

ಈ ಶನಿವಾರವೂ ಹೋಗುತ್ತೇನೆ. ಕರಾಟೆ ಡ್ರೆಸ್ಸನ್ನು ಅಮ್ಮ ನೆಲ ಒರೆಸಲು ತಗೊಂಡರು.