ದೇವಿಮನೆ ಘಾಟಿಯಲ್ಲಿ ನಾಕಿಂಗ್: 100 ಆಕ್ಟೇನ್ ಹಾಕಿದ್ರೂ ಹೋಗ್ತಿಲ್ಲ

ಅಘನಾಶಿನಿ_ದಡ
ತಲೆ ಕೆಟ್ಟು ಹೋಗಿದೆ. ಕತಗಾಲ ದಾಟಿ ದೇವಿಮನೆ ಘಾಟಿ ಹತ್ತುವಾಗ ಎಕ್ಸಿಲರೇಟರ್ ಒತ್ತಿದ್ರೆ ಸಾಕು, ಎಂಜಿನ್ನಿಂದ ಕಟಕಟ ಸದ್ದು. ನಾಕಿಂಗ್ ಅಂತಾರಲ್ಲ, ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಬಡಿಯೋದು, ಅದೇ. ಹೆದ್ದಾರಿ 66ರಲ್ಲಿ ಅಂಕೋಲಾ ತನಕ ಹೋದ್ರೂ ಏನೂ ಇಲ್ಲ, ಘಾಟಿಯಲ್ಲಿ ಮಾತ್ರ. ಹಳೇ ಏರ್ ಬಾಕ್ಸ್ ತೆಗೆದು ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್), ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿದ ಮೇಲೆ ಶುರುವಾದದ್ದು. ಮಾಡಿಫೈ ಮಾಡಿದ ಗಾಡಿಗೆ ಸಾದಾ ಪೆಟ್ರೋಲ್ ಸಾಲೋದಿಲ್ಲ ಅಂದ್ರು. ಬೆಂಗಳೂರಿಂದ ಬರುವಾಗ ಲೀಟರಿಗೆ 160 ರೂಪಾಯಿ ಆಸುಪಾಸು ಕೊಟ್ಟು 100 ಆಕ್ಟೇನ್ ಪೆಟ್ರೋಲ್ ಹಾಕಿಸಿದೆ. ಸದ್ದು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಪಿಕಪ್ ಒಂದು ಚೂರೂ ಏರಲಿಲ್ಲ. ಇನ್ನು ಕಾಯಂ 95ರದ್ದು ಹಾಕ್ಬೇಕಾ, ಇಲ್ಲಾ ಪೆಟ್ರೋಲಿಗೆ ಬೆರೆಸುವ ಆಕ್ಟೇನ್ ಬೂಸ್ಟರ್ ತರಿಸ್ಬೇಕಾ?

ಕಾಳಿ_ಸೇತುವೆ
ಕಾರ್ಬನ್. ಪಿಸ್ಟನ್ ತಲೆ ಮೇಲೆ ಕಾರ್ಬನ್ ಕಟ್ಟಿದ್ರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಪ್ರಮಾಣ) ಏರ್ತದೆ, ಅದೇ ಕಾರ್ಬನ್ ಕೆಂಪಗೆ ಕಾದು ಕಿಡಿಗೆ ಮೊದಲೇ ಬೆಂಕಿ ಹಚ್ತದೆ. ಡೀಕಾರ್ಬನ್ ಮಾಡಿಸಿ.

ಸ್ಪ್ಯಾನರ್_ಶಿರಸಿ
ಯಾವ ಗಾಡಿ, ಯಾವ ವರ್ಷ, ಎಷ್ಟು ಓಡಿದೆ, ಸದ್ದು ಬರುವಾಗ ಯಾವ ಗೇರ್, ಎಷ್ಟು ಆರ್‌ಪಿಎಂ? ಇದ್ಯಾವುದೂ ಇಲ್ದೆ ಹೇಗೆ ಹೇಳೋದು ಮಾರಾಯ್ರೇ.

ಅಘನಾಶಿನಿ_ದಡ
ಆಲ್ಟೊ ಕೆ10, 2012. 84 ಸಾವಿರ ಕಿ.ಮೀ. ಮೂರನೇ ಗೇರಲ್ಲಿ 2000 ಆಸುಪಾಸು, ನಾಲ್ಕು ಜನ ಕೂತಾಗ ಜಾಸ್ತಿ.

ಅರಬೈಲ್_ತಿರುವು
ಅದು ನಾಕಿಂಗ್ ಅಂತ ಯಾರು ಹೇಳಿದ್ರು? ಫ್ರೀ ಫ್ಲೋ ಹಾಕುವಾಗ ಬಿಸಿ ತಡೆಯುವ ತಗಡಿನ (ಹೀಟ್ ಶೀಲ್ಡ್) ಬೋಲ್ಟ್ ಸಡಿಲ ಬಿಟ್ಟಿರ್ತಾರೆ, ಲೋಡ್ ಬಿದ್ದಾಗ ತಗಡು ಹೀಗೇ ಬಡಿತದೆ. ಎಂಜಿನ್ ತಣ್ಣಗಿರುವಾಗ ಕೈಯಲ್ಲಿ ಅಲ್ಲಾಡಿಸಿ ನೋಡಿ.

ಸ್ಪ್ಯಾನರ್_ಶಿರಸಿ
ತಗಡಾಗಿದ್ರೆ ಪೆಟ್ರೋಲ್ ಬದಲಿಸಿದ್ದಕ್ಕೆ ಸದ್ದು ತಗ್ಗುತ್ತಿರಲಿಲ್ಲ. 100 ಆಕ್ಟೇನಿಗೆ ಸ್ವಲ್ಪವಾದ್ರೂ ತಗ್ಗಿದೆ, ಹಾಗಾಗಿ ಇದು ನಾಕಿಂಗೇ.

ಆಕ್ಟೇನ್ ವಿಷಯ ಮೊದಲು. ಆಕ್ಟೇನ್ ಅಂದ್ರೆ ಪೆಟ್ರೋಲಿನ ಶಕ್ತಿ ಅಲ್ಲ. ಒತ್ತಡ, ಬಿಸಿ ಏರಿದಾಗ ತಾನಾಗಿ ಹೊತ್ತಿಕೊಳ್ಳದೆ ಕಿಡಿ ಬರುವ ತನಕ ತಡೆದುಕೊಳ್ಳುವ ಗುಣ, ಅಷ್ಟೇ. ಕೆ10ರ 998 ಸಿಸಿ ಎಂಜಿನ್ನಿನ ಕಂಪ್ರೆಷನ್ 10:1. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಟೈಮಿಂಗ್ ಮ್ಯಾಪ್, ಅಂದ್ರೆ ಕಿಡಿ ಯಾವಾಗ ಹೊಡೀಬೇಕು ಅನ್ನುವ ಪಟ್ಟಿ, ಬರೆದದ್ದು 91 ಆಕ್ಟೇನ್ ಕಾಲದಲ್ಲಿ. ಫಿಲ್ಟರ್, ಸೈಲೆನ್ಸರ್ ಬದಲಿಸಿದ್ರೆ ಕಂಪ್ರೆಷನ್ ಬದಲಾಗೋದಿಲ್ಲ, ಮ್ಯಾಪೂ ಬದಲಾಗೋದಿಲ್ಲ. ನಾಕಿಂಗ್ ಪತ್ತೆ ಮಾಡುವ ನಾಕ್ ಸೆನ್ಸರ್ ಹೇಳಿದ್ದಕ್ಕೆ ಇಸಿಯು ಟೈಮಿಂಗ್ ಹಿಂದೆ ಎಳೆದಿದ್ರೆ (ಕಿಡಿ ತಡ ಮಾಡಿದ್ರೆ), ಹೆಚ್ಚಿನ ಆಕ್ಟೇನ್ ಆ ಎಳೆದದ್ದನ್ನು ವಾಪಸ್ ಕೊಡ್ತದೆ. ಮ್ಯಾಪಿನ ಮಿತಿ ದಾಟಿ ಮುಂದೆ ಹೋಗೋದಿಲ್ಲ, ಪಿಕಪ್ ಏರದೇ ಇದ್ದದ್ದು ಅದಕ್ಕೇ. ರೀಮ್ಯಾಪ್ ಮಾಡಿಸಿ (ಆ ಮ್ಯಾಪ್ ಬದಲಿಸಿ) ಟೈಮಿಂಗ್ ಮುಂದೆ ತಂದಿದ್ರೆ ಲೆಕ್ಕ ಬೇರೆ. ಮಾಡಿಸಿದ್ದೀರಾ?

ಇನ್ನೊಂದು. ಈಗ ಬಂಕಲ್ಲಿ ಸಿಗುವ ಇ20 (20 ಪ್ರತಿಶತ ಎಥನಾಲ್ ಬೆರೆಸಿದ) ಪೆಟ್ರೋಲಿಗೆ ಮಾನಕದಲ್ಲೇ ಕನಿಷ್ಠ 95 ಆಕ್ಟೇನ್ ಇದೆ. ಎಥನಾಲಿನ ಆಕ್ಟೇನ್ ತಾನೇ 108ರ ಮೇಲೆ. 95ರ ಪ್ರೀಮಿಯಂ ಪೆಟ್ರೋಲಿಗೆ ಹೆಚ್ಚು ದುಡ್ಡು ಕೊಟ್ರೆ ಈ ಗಾಡಿಗೆ ಆಕ್ಟೇನಲ್ಲಿ ಸಿಗುವುದು ಹೆಚ್ಚೇನಿಲ್ಲ.

ಅರಬೈಲ್_ತಿರುವು
ಇ20ಯನ್ನು ಹೊಗಳಬೇಡಿ. 2012ರ ಗಾಡಿಯ ರಬ್ಬರ್ ಪೈಪು, ಸೀಲು ಅದಕ್ಕೆ ಮಾಡಿದ್ದಲ್ಲ. ಎವರೇಜೂ ಬೀಳ್ತದೆ.

ಸ್ಪ್ಯಾನರ್_ಶಿರಸಿ
ಎರಡೂ ನಿಜ. ಎಥನಾಲಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಇಂಧನದ ಪೈಪು ಮೆತ್ತಗಾಗಿದೆಯಾ, ಕ್ಲಿಪ್ಪಿನ ಹತ್ತಿರ ಬಿರುಕು ಬಿಟ್ಟಿದೆಯಾ ಅಂತ ವರ್ಷಕ್ಕೊಮ್ಮೆ ನೋಡಲೇಬೇಕು. ಆದ್ರೆ ನಾಕಿಂಗಿಗೆ ಎಥನಾಲ್ ಕಾರಣ ಅಲ್ಲ, ಅದು ನಾಕಿಂಗ್ ತಡೀತದೆ.

ಕಾಳಿ_ಸೇತುವೆ
84 ಸಾವಿರ ಓಡಿದೆ ಅಂದ್ರಲ್ಲ, ಕಾರ್ಬನ್ನೇ. ಕಾರವಾರದ ಈ ತೇವದ ಗಾಳಿಗೆ ಇನ್ನೂ ಬೇಗ ಕಟ್ತದೆ, ನಾಕಿಂಗೂ ತೇವಕ್ಕೇ ಜಾಸ್ತಿ.

ಸ್ಪ್ಯಾನರ್_ಶಿರಸಿ
ತೇವ ಹೆಚ್ಚಿದ್ದಷ್ಟೂ ನಾಕಿಂಗ್ ಕಮ್ಮಿಯಾಗ್ತದೆ, ಗಾಳಿಯ ನೀರಾವಿ ಉರಿಯ ಬಿಸಿ ಇಳಿಸ್ತದೆ. ಕರಾವಳಿಯಲ್ಲಿ ತೊಂದರೆ ಕೊಡುವುದು ಬಿಸಿ ಮತ್ತು ಉಪ್ಪು. ಕಾರ್ಬನ್ ಇಲ್ಲ ಅಂತ ನಾನು ಹೇಳ್ತಿಲ್ಲ, ಅಳೆದು ನೋಡದೆ ಖರ್ಚು ಮಾಡಿಸಬೇಡಿ ಅಂತ ಹೇಳ್ತಿದ್ದೇನೆ. ಎಂಜಿನ್ ಬಿಸಿಯಿರುವಾಗ ಮೂರೂ ಪ್ಲಗ್ ತೆಗೆದು, ಇಂಜೆಕ್ಟರ್ ಕನೆಕ್ಟರ್ ಕಳಚಿ, ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಕವಾಟ) ಪೂರ್ತಿ ತೆರೆದು ಕಂಪ್ರೆಷನ್ ಗೇಜ್ ಹಾಕಿ. ರೀಡಿಂಗ್ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗಿಂತ ಮೇಲಿದ್ರೆ ಕಾರ್ಬನ್. ಸಿಲಿಂಡರುಗಳ ನಡುವೆ ಚದರ ಸೆಂ.ಮೀ.ಗೆ ಒಂದು ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಅದು ಬೇರೆಯೇ ಕಾಯಿಲೆ.

@ಅಘನಾಶಿನಿ_ದಡ, ಹಳೇ ಏರ್ ಬಾಕ್ಸಲ್ಲಿ ಎರಡು ವೈರಿನ ಒಂದು ಸಣ್ಣ ಸೆನ್ಸರ್ ಇತ್ತಲ್ಲ, ಅದು ಈಗ ಎಲ್ಲಿದೆ? ಎಂಜಿನ್ ಒಳಗಿನ ಆವಿಯನ್ನು ಬಾಕ್ಸಿಗೆ ತರುವ ಬ್ರೀದರ್ ಪೈಪ್ ಎಲ್ಲಿ?

ಅಘನಾಶಿನಿ_ದಡ
ರೀಮ್ಯಾಪ್ ಇಲ್ಲ. ಸೆನ್ಸರ್ ಗಾಡಿಯಲ್ಲೇ ಇದೆ, ಬ್ಯಾಟರಿ ಆಚೆ ಫೆಂಡರ್ ಒಳಗೆ ಜಿಪ್ ಟೈ ಹಾಕಿ ಕಟ್ಟಿದ್ದಾರೆ. ಬ್ರೀದರ್ ಪೈಪ್ ಕೋನ್ ಫಿಲ್ಟರ್ ಹಿಂದಿನ ಪೈಪಿಗೆ ಸೇರಿದೆ. ಇದಕ್ಕೂ ಸದ್ದಿಗೂ ಎಂತ ಸಂಬಂಧ?

ಸ್ಪ್ಯಾನರ್_ಶಿರಸಿ
ಪೂರಾ ಸಂಬಂಧ ಇದೆ. ಅದು ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರ್. ಈಗ ಅದು ಫೆಂಡರ್ ಒಳಗಿನ ತಣ್ಣನೆ ಗಾಳಿ ನೋಡ್ತಿದೆ. ಕೋನ್ ಫಿಲ್ಟರ್ ಬಾನೆಟ್ ಒಳಗೆ ರೇಡಿಯೇಟರ್ ಹಿಂದಿನ ಬಿಸಿ ಗಾಳಿ ಎಳೀತಿದೆ. ಘಾಟಿಯಲ್ಲಿ ವೇಗ ಕಮ್ಮಿ, ಲೋಡ್ ಜಾಸ್ತಿ, ಬಾನೆಟ್ ಒಳಗೆ ಗಾಳಿ ಓಡೋದೇ ಇಲ್ಲ. ಗಾಳಿ ತಣ್ಣಗಿದೆ, ದಟ್ಟವಾಗಿದೆ ಅಂತ ನಂಬಿ ಇಸಿಯು ಪೆಟ್ರೋಲ್ ಹೆಚ್ಚು ಬಿಡ್ತದೆ, ಟೈಮಿಂಗ್ ಮುಂದೆ ಇಡ್ತದೆ. ಬಿಸಿ ಗಾಳಿಗೆ ಆ ಟೈಮಿಂಗ್ ಜಾಸ್ತಿಯಾಗಿ ನಾಕಿಂಗ್ ಬರ್ತದೆ. ಹೆದ್ದಾರಿಯಲ್ಲಿ ಬಾನೆಟ್ ಒಳಗೆ ಗಾಳಿ ಆಡ್ತದೆ, ಲೋಡೂ ಕಮ್ಮಿ, ಹಾಗಾಗಿ ಅಲ್ಲಿ ಸದ್ದಿಲ್ಲ.

ಖಾತ್ರಿ ಮಾಡಿಕೊಳ್ಳಿ. ಇಸಿಯು ಅಂಕಿಗಳನ್ನು ಫೋನಲ್ಲಿ ತೋರಿಸುವ ಒಂದು ಓಬಿಡಿ ಡಾಂಗಲ್ ಸಾಕು. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದ್ರೆ ಇನ್‌ಟೇಕ್ ಗಾಳಿ, ಕೂಲಂಟ್ ಎರಡೂ ಹತ್ತಿರ ಹತ್ತಿರ ಒಂದೇ ಡಿಗ್ರಿ ತೋರಿಸಬೇಕು. ತೋರಿಸದಿದ್ರೆ ಸೆನ್ಸರೇ ಹಾಳು. ಆಮೇಲೆ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರನ್ನು ಫಿಲ್ಟರ್ ಪಕ್ಕ ಟೇಪ್ ಹಾಕಿ ಅಂಟಿಸಿ, ವೈರ್ ಒಳಗೆ ತಂದು ಘಾಟಿ ಹತ್ತಿ. ಪಕ್ಕದಲ್ಲಿ ಕೂತವರು ನೋಡಲಿ, ನೀವು ರಸ್ತೆ ನೋಡಿ. ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಪ್ರತಿಶತ ಕೂಡಿಸ್ತಿದೆ, ಕಳೀತಿದೆ ಅನ್ನುವ ಅಂಕಿ) ಎಷ್ಟಿದೆ ಅಂತಲೂ ಬರ್ಕೊಳ್ಳಿ.

ಬ್ರೀದರ್ ಪೈಪಿನ ಬಾಯಿ ಕಳಚಿ ಬೆರಳಾಡಿಸಿ. ಎಣ್ಣೆ ತೊಟ್ಟಿಕ್ಕುತ್ತಿದ್ರೆ ಅದೂ ಪಾಲುದಾರ, ಎಂಜಿನ್ ಆಯಿಲ್ ಆವಿ ಸೇರಿದ್ರೆ ಪೆಟ್ರೋಲಿನ ಆಕ್ಟೇನ್ ಇಳೀತದೆ. ಪ್ಲಗ್ಗೂ ತೆಗೆದು ನೋಡಿ, 16 ಎಂಎಂ ಪ್ಲಗ್ ಸಾಕೆಟ್ ಬೇಕು. ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿ ಇದ್ರೆ ನಾಕಿಂಗ್ ಜೋರಾಗೇ ಇದೆ ಅಂತ. ಚುಕ್ಕಿ ಬೆಳ್ಳಿ ಬಣ್ಣದಲ್ಲಿ ಹೊಳೀತಿದ್ರೆ ಅದು ಪಿಸ್ಟನ್ನಿನ ಅಲ್ಯುಮಿನಿಯಂ. ಹಾಗಿದ್ರೆ ಘಾಟಿ ಹತ್ತಲೇಬೇಡಿ. ಎನ್‌ಜಿಕೆ ಕೆಆರ್6ಎ-10 ಪ್ಲಗ್ ಆದ್ರೆ ಗ್ಯಾಪ್ 1.0 ಎಂಎಂ.

ಹೊನ್ನಾವರ_ಟರ್ಬೊ
ನಮ್ಮದು 1.0 ಲೀಟರ್ ಟರ್ಬೊ, ಸ್ಟೇಜ್ 1 ರೀಮ್ಯಾಪ್ ಆಗಿದೆ. 95 ಹಾಕಿದ್ರೆ ಗೇರುಸೊಪ್ಪ ಘಾಟಿಯಲ್ಲಿ ಮೂರನೇ ಗೇರಲ್ಲೇ ಎಳೀತದೆ. ಆಕ್ಟೇನಿಂದ ಪ್ರಯೋಜನ ಇಲ್ಲ ಅನ್ನೋದು ಸುಳ್ಳು.

ಸ್ಪ್ಯಾನರ್_ಶಿರಸಿ
ಟರ್ಬೊದಲ್ಲಿ ಬೂಸ್ಟ್ (ಗಾಳಿಯನ್ನು ಒತ್ತಿ ತುಂಬುವುದು) ಇದೆ, ರೀಮ್ಯಾಪ್ ಇದೆ, ಆಕ್ಟೇನ್ ಹೆಚ್ಚಿದ್ರೆ ಇಸಿಯು ಅದನ್ನು ಬಳಸ್ಕೊಳ್ತದೆ. ಇಲ್ಲಿ ಮಾತಾಡ್ತಿರೋದು ಸಾದಾ ಕೆ10ರ ವಿಷಯ. ನಿಮ್ಮದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲೇ ಬರೀತೇನೆ.

ಅಘನಾಶಿನಿ_ದಡ
ನೋಡಿದೆ. ಬೆಳಿಗ್ಗೆ ಎರಡೂ 26 ಡಿಗ್ರಿ. ಘಾಟಿಯ ಮಧ್ಯೆ ಓಬಿಡಿ 33 ತೋರಿಸ್ತದೆ, ಫಿಲ್ಟರ್ ಪಕ್ಕದ ಥರ್ಮಾಮೀಟರ್ 60. ಲಾಂಗ್ ಟರ್ಮ್ ಟ್ರಿಮ್ ಮೈನಸ್ 8. ಪ್ಲಗ್ಗಲ್ಲಿ ಕಪ್ಪು ಚುಕ್ಕಿ ಇದೆ, ಬೆಳ್ಳಿ ಇಲ್ಲ. ಬ್ರೀದರ್ ಪೈಪ್ ಬರೇ ಒದ್ದೆ, ತೊಟ್ಟಿಕ್ಕೋದಿಲ್ಲ. ದೋಷದ ಕೋಡ್ ಯಾವುದೂ ಬಂದಿಲ್ಲ.

ಸ್ಪ್ಯಾನರ್_ಶಿರಸಿ
ಲೆಕ್ಕ ತಾಳೆ ಬಿತ್ತು. 33ಕ್ಕೂ 60ಕ್ಕೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು 8 ಪ್ರತಿಶತ ವ್ಯತ್ಯಾಸ. ಟ್ರಿಮ್ ಅಷ್ಟನ್ನೇ ಕಳೀತಿದೆ.

ಸೆನ್ಸರನ್ನು ಫಿಲ್ಟರಿಗೂ ಥ್ರಾಟಲಿಗೂ ನಡುವಿನ ಪೈಪಿಗೆ ತನ್ನಿ. ಪೈಪ್ ಗಾಡಿಯಿಂದ ತೆಗೆದೇ ತೂತು ಕೊರೆಯಿರಿ, ಗಾಡಿ ಮೇಲೇ ಕೊರೆದ್ರೆ ಚೂರು ಎಂಜಿನ್ನಿಗೆ ಹೋಗ್ತದೆ. ರಬ್ಬರ್ ಗ್ರೋಮೆಟ್ ಬಿಗಿಯಾಗಿ ಕೂರಬೇಕು, ಸೆನ್ಸರಿನ ತುದಿ ಗಾಳಿಯ ಹಾದಿಯ ನಡುವಿಗೆ ಬರಬೇಕು. ಬ್ರೀದರ್ ಸೇರುವ ಜಾಗಕ್ಕಿಂತ ಫಿಲ್ಟರ್ ಕಡೆಗೇ ಇರಲಿ, ಎಣ್ಣೆ ಕೂತರೆ ರೀಡಿಂಗ್ ನಿಧಾನವಾಗ್ತದೆ. ಹೀಗೆ ಮಾಡಿದ್ರೆ ನಾಕಿಂಗ್ ತಗ್ಗುತ್ತದೆ, ಆದ್ರೆ ಇಸಿಯು ಬಿಸಿ ಗಾಳಿ ನೋಡಿ ಟೈಮಿಂಗ್ ಹಿಂದೆ ಎಳೆಯೋದರಿಂದ ಪಿಕಪ್ ಇನ್ನೂ ಸ್ವಲ್ಪ ಬೀಳ್ತದೆ. ಪೂರ್ತಿ ಪರಿಹಾರ ಅಂದ್ರೆ ಹಳೇ ಬಾಕ್ಸ್ ವಾಪಸ್ ಕೂರಿಸೋದು.

ಕಾಳಿ_ಸೇತುವೆ
ನಾಕ್ ಸೆನ್ಸರ್ ಏನು ಮಾಡ್ತಿತ್ತು ಹಾಗಾದ್ರೆ? ಅದು ಸರಿಯಿದ್ದಿದ್ರೆ ಕಿವಿಗೆ ಕೇಳುವಷ್ಟು ಸದ್ದೇ ಬರಬಾರದಿತ್ತು.

ಸ್ಪ್ಯಾನರ್_ಶಿರಸಿ
ಒಳ್ಳೆ ಪ್ರಶ್ನೆ. ಅದು ಎಳೆಯುವುದಕ್ಕೂ ಮಿತಿ ಇದೆ. ಆದ್ರೂ ಕರಾವಳಿ ಗಾಡಿ, ಬಿಚ್ಚಿ ನೋಡೋದು ಒಳ್ಳೆಯದು. ಕನೆಕ್ಟರಲ್ಲಿ ಹಸಿರು ಕಿಲುಬು ಇದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ. ಸೆನ್ಸರ್ ಕೂರುವ ಬ್ಲಾಕಿನ ಮುಖದಲ್ಲಿ ತುಕ್ಕು ಇದ್ರೆ ನಯವಾದ ಎಮರಿ ಕಾಗದದಲ್ಲಿ ಹೊಳಪು ಬರುವ ತನಕ ಉಜ್ಜಿ. ನಡುವೆ ವಾಷರ್, ಗ್ರೀಸ್, ಬಣ್ಣ ಏನೂ ಬೇಡ. ಬೋಲ್ಟ್ 20 ನ್ಯೂಟನ್ ಮೀಟರ್ ಆಸುಪಾಸು, ಟಾರ್ಕ್ ರೆಂಚಲ್ಲೇ. ಸಡಿಲಾದ್ರೂ ಅತಿಯಾದ್ರೂ ಸೆನ್ಸರಿಗೆ ಸರಿಯಾಗಿ ಕೇಳಿಸೋದಿಲ್ಲ.

ಅಘನಾಶಿನಿ_ದಡ
ಸೆನ್ಸರ್ ಪೈಪಿಗೆ ತಂದೆ. ನಾಕ್ ಸೆನ್ಸರ್ ಬುಡದಲ್ಲಿ ತುಕ್ಕಿತ್ತು, ಉಜ್ಜಿ ಕೂರಿಸಿದೆ. ಸಾದಾ ಪೆಟ್ರೋಲಲ್ಲೇ ಎರಡನೇ ಗೇರಲ್ಲಿ ಸದ್ದು ಪೂರ್ತಿ ಇಲ್ಲ. ಮೂರರಲ್ಲಿ 2000ಕ್ಕಿಂತ ಕೆಳಗೆ ಪೂರ್ತಿ ಒತ್ತಿದ್ರೆ ಒಂದೆರಡು ಸಲ ಕಟ್ ಅಂತದೆ. ಫಿಲ್ಟರನ್ನು ಬಂಪರ್ ಕೆಳಗೆ ಇಳಿಸಿದ್ರೆ ತಣ್ಣನೆ ಗಾಳಿ ಸಿಗ್ತದಲ್ಲ?

ಸ್ಪ್ಯಾನರ್_ಶಿರಸಿ
ಬೇಡ. ಆಷಾಢದ ಮಳೆಯಲ್ಲಿ ರಸ್ತೆ ಮೇಲೆ ನಿಂತ ನೀರು ಫಿಲ್ಟರಿಗೆ ಸಿಕ್ಕಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹಳೇ ಬಾಕ್ಸ್ ಇದ್ರೆ ಅದನ್ನೇ ಹಾಕಿ, ಮುಂದಿನ ಗಾಳಿ ಕೊಳವೆ ಸಮೇತ. ಈ ಎಂಜಿನ್ನಿನ 90 ನ್ಯೂಟನ್ ಮೀಟರ್ ಟಾರ್ಕ್ ಸಿಗುವುದೇ 3500ಕ್ಕೆ. ಘಾಟಿಯಲ್ಲಿ 2500ರ ಕೆಳಗೆ ಬಿಡದೆ ಎರಡನೇ ಗೇರಿಗೆ ಇಳಿಸಿ.

ಅಘನಾಶಿನಿ_ದಡ
ಬಾಕ್ಸ್ ಇದೆ, ಕ್ಲಿಪ್ ಒಂದು ಮುರಿದಿದೆ. ಜಿಪ್ ಟೈ ನಡೀತದಾ?

ಸ್ಪ್ಯಾನರ್_ಶಿರಸಿ
ಬಿಸಿಗೆ ಸಡಿಲಾಗ್ತದೆ, ಆ ಸಂದಿಯಿಂದ ಧೂಳು ಸೀದಾ ಒಳಗೆ. ಗುಜರಿಯಲ್ಲಿ ಹಳೇ ಬಾಕ್ಸಿನ ಕ್ಲಿಪ್ ಸಿಗ್ತದೆ. ಹಾಕುವಾಗ ಫಿಲ್ಟರಿನ ರಬ್ಬರ್ ಅಂಚು ಸುತ್ತ ಕೂತಿದೆಯಾ ಬೆರಳಿಂದ ಮುಟ್ಟಿ ನೋಡಿ, ಸೆನ್ಸರನ್ನೂ ಅದರ ಹಳೇ ತೂತಿಗೇ ಹಾಕಿ.

ಕಾಳಿ_ಸೇತುವೆ
ಇಷ್ಟಾದ ಮೇಲೂ ಸದ್ದು ಉಳಿದ್ರೆ ಕಂಪ್ರೆಷನ್ ಗೇಜ್ ನನ್ನ ಹತ್ತಿರ ಇದೆ. ಕಾರವಾರಕ್ಕೆ ಬಂದಾಗ ತಿಳಿಸಿ, ಕಾರ್ಬನ್ ಹೌದೋ ಅಲ್ಲವೋ ಅಳೆದೇ ನೋಡೋಣ.