ಸ್ವಿಫ್ಟ್ ಪೆಟ್ರೋಲ್‌ಗೆ 0ಡಬ್ಲ್ಯೂ-20 ಇಂಜಿನ್ ಆಯಿಲ್ ಹಾಕ್ಸೋದಾ, 20ಡಬ್ಲ್ಯೂ-40 ಹಾಕ್ಸೋದಾ? ಕಮ್ಮಿ ಓಡ್ಸೋರು ಯಾವಾಗ ಆಯಿಲ್ ಚೇಂಜ್ ಮಾಡ್ಬೇಕು?

ಎಚ್‌ಎಸ್‌ಆರ್ ಸ್ವಿಫ್ಟ್:
ಎಲ್ರಿಗೂ ನಮಸ್ಕಾರ. ನಮ್ದು 2019ರ ಸ್ವಿಫ್ಟ್ ಪೆಟ್ರೋಲ್, ಓಡಿರೋದು ಇನ್ನೂ 30 ಸಾವಿರ ಕಿ.ಮೀ. ಅಷ್ಟೇ. ದಿನಾ ಎಚ್‌ಎಸ್‌ಆರ್ ಇಂದ ಕೋರಮಂಗಲ ಆಫೀಸಿಗೆ ಹೋಗಿ ಬರೋದು, ದೂರ ಏನಿಲ್ಲ ಆದ್ರೆ ಟ್ರಾಫಿಕ್ ಗೊತ್ತಲ್ಲ, ಆರು ಕಿ.ಮೀ.ಗೆ ಮುಕ್ಕಾಲು ಗಂಟೆ ಹಿಡಿಯತ್ತೆ. ಮನೆ ಹತ್ರದ ಗ್ಯಾರೇಜಲ್ಲಿ "ಗಾಡಿ ಹಳೇದಾಯ್ತು ಸಾರ್, 0ಡಬ್ಲ್ಯೂ-20 ನೀರಿನ ಥರ ಇರತ್ತೆ, ನಮ್ಮ ಬಿಸಿಲಿಗೆ ತಡೆಯಲ್ಲ, 20ಡಬ್ಲ್ಯೂ-40 ಹಾಕ್ಸಿ ಸಾಕು, ರೇಟೂ ಕಮ್ಮಿ" ಅಂತಾರೆ. ನಮ್ಮ ಭಾವ ನೋಡಿದ್ರೆ ಫುಲ್ ಸಿಂಥೆಟಿಕ್ ಹಾಕ್ಸಿ 15 ಸಾವಿರ ಕಿ.ಮೀ. ತನಕ ಮರ್ತುಬಿಡು ಅಂತಾರೆ. ನಾನು ವರ್ಷಕ್ಕೆ ಓಡ್ಸೋದೇ ನಾಲ್ಕೈದು ಸಾವಿರ, ಹಂಗಾದ್ರೆ ಮೂರು ವರ್ಷಕ್ಕೊಂದ್ಸಲ ಚೇಂಜ್ ಮಾಡಿದ್ರೆ ಸಾಕಾ? ತಿಳಿದೋರು ಹೇಳಿ ಪ್ಲೀಸ್.

ಮೈಸೂರು ಸ್ಪ್ಯಾನರ್:
ಸಾರ್, ಮೂರು ವರ್ಷ ಮಾತ್ರ ಬೇಡ್ವೇ ಬೇಡ. ಮೊದ್ಲು ಗ್ರೇಡ್ ವಿಷ್ಯ ಹೇಳ್ಬಿಡ್ತೀನಿ. ಡಬ್ಲ್ಯೂ ಮುಂಚೆ ಇರೋ ನಂಬರ್ ಚಳಿಯಲ್ಲಿ ಆಯಿಲ್ ಹೆಂಗೆ ಹರಿಯತ್ತೆ ಅನ್ನೋದಕ್ಕೆ, ಆಮೇಲಿನ ನಂಬರ್ ಇಂಜಿನ್ ಬಿಸಿ ಆದ್ಮೇಲೆ ಎಷ್ಟು ದಪ್ಪ ಇರತ್ತೆ ಅನ್ನೋದಕ್ಕೆ. 100 ಡಿಗ್ರಿಯಲ್ಲಿ 20 ಗ್ರೇಡಿನ ಆಯಿಲ್ 6.9ರಿಂದ 9.3 ಸೆಂಟಿಸ್ಟೋಕ್ (ಆಯಿಲ್ ದಪ್ಪ ಅಳೆಯೋ ಯೂನಿಟ್) ಒಳಗೆ ಇರ್ಬೇಕು, 40 ಗ್ರೇಡಿಂದು 12.5ರಿಂದ 16.3, ಅಂದ್ರೆ ಹೆಚ್ಚುಕಮ್ಮಿ ಡಬಲ್ ದಪ್ಪ. ನಿಮ್ಮ ಇಂಜಿನ್‌ನಲ್ಲಿ ವಿವಿಟಿ (ವಾಲ್ವ್ ತೆರೆಯೋ ಟೈಮಿಂಗ್ ಬದಲಾಯಿಸೋ ವ್ಯವಸ್ಥೆ) ಇದೆ, ಅದು ಕೆಲ್ಸ ಮಾಡೋದೇ ಆಯಿಲ್ ಪ್ರೆಶರ್ ಮೇಲೆ, ಸಣ್ಣ ಸಣ್ಣ ದಾರಿಯಲ್ಲಿ ಆಯಿಲ್ ಬೇಗ ಹೋಗಿ ಮುಟ್ಬೇಕು, ಟೈಮಿಂಗ್ ಚೈನ್‌ಗೂ ಅದೇ ಆಯಿಲೇ ಆಧಾರ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದ್ಲ ಕೆಲವು ಸೆಕೆಂಡಲ್ಲೇ ಸವೆತ ಜಾಸ್ತಿ, ಆಗ ದಪ್ಪ ಆಯಿಲ್ ಮೇಲೇರೋದು ನಿಧಾನ ಆಗತ್ತೆ.

ಇನ್ನು ಬಿಸಿಲಿನ ಮಾತು. ಹೊರಗೆ 25 ಇರ್ಲಿ 40 ಇರ್ಲಿ, ಥರ್ಮೋಸ್ಟ್ಯಾಟ್ ಮತ್ತೆ ರೇಡಿಯೇಟರ್ ಸರಿ ಇದ್ರೆ ಬಿಸಿಯಾದ ಇಂಜಿನ್ನಿನ ಟೆಂಪರೇಚರ್ ಅಷ್ಟೇನೂ ಬದಲಾಗಲ್ಲ. 20ಡಬ್ಲ್ಯೂ-40 ಅಂಬಾಸಿಡರ್ ಕಾಲದ ಇಂಜಿನ್‌ಗಳಿಗೆ ಸರಿಯಾಗಿತ್ತು, ಅದ್ರ ಕ್ಲಿಯರೆನ್ಸೇ (ಭಾಗಗಳ ನಡುವಿನ ಸಂದು) ಬೇರೆ. ನಿಮ್ಮ ಓನರ್ಸ್ ಮ್ಯಾನ್ಯುಯಲ್ ತೆಗೆದು ಆಯಿಲ್ ಪೇಜ್ ನೋಡಿ, ಅಲ್ಲಿ ಏನಿದ್ಯೋ ಅದನ್ನೇ ಹಾಕ್ಸಿ, ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಅಂತ ಕ್ವಾಲಿಟಿ ದರ್ಜೆ ಡಬ್ಬದ ಮೇಲೆ ಇರ್ಲಿ. 30 ಸಾವಿರಕ್ಕೆ ಗಾಡಿ ಹಳೇದು ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ.

ಚೇಂಜ್ ಯಾವಾಗ ಅಂದ್ರೆ 10 ಸಾವಿರ ಕಿ.ಮೀ. ಅಥವಾ 1 ವರ್ಷ, ಯಾವುದು ಮೊದ್ಲು ಬರತ್ತೋ ಅದು. ನಿಮಗೆ ವರ್ಷವೇ ಮೊದ್ಲು ಬರೋದು. ಕಮ್ಮಿ ಓಡ್ಸಿದ್ರೂ ವರ್ಷಕ್ಕೆ ಚೇಂಜ್ ಯಾಕೆ ಅಂತೀರಾ, ಇಂಜಿನ್ ಪೂರ್ತಿ ಬಿಸಿ ಆಗೋ ಮುಂಚೆನೇ ಆಫ್ ಮಾಡ್ತಾ ಇದ್ರೆ ಒಳಗೆ ಕೂತ ನೀರಿನ ಪಸೆ, ಸುಡದೇ ಉಳಿದ ಪೆಟ್ರೋಲ್ ಎಲ್ಲಾ ಆವಿಯಾಗಿ ಹೋಗಲ್ಲ, ಆಯಿಲಲ್ಲೇ ಸೇರ್ಕೊಳ್ಳತ್ತೆ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಒಳಗಡೆ ಬಿಳಿ ಕೆನೆ ಥರ ಮೆತ್ಕೊಂಡಿದ್ರೆ ಮಾಮೂಲಿ ಇದೇ ಕಾರಣ, ಆದ್ರೆ ಕೂಲಂಟ್ ಲೆವೆಲ್ ಒಂದ್ಸಲ ಚೆಕ್ ಮಾಡಿ, ಅದು ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡು ಬ್ಲಾಕಿನ ನಡುವಿನ ಸೀಲ್) ಹೋಗಿದೆ ಅಂತ ಅನುಮಾನ ಪಡ್ಬೇಕು. ವಾರಕ್ಕೊಂದ್ಸಲ ಅರ್ಧ ಮುಕ್ಕಾಲು ಗಂಟೆ ಹೈವೇಲಿ ಓಡ್ಸಿ.

ಹುಬ್ಳಿ ಡೀಸೆಲ್:
ಮೈಸೂರಿನವ್ರು ಹೇಳಿದ್ದು ಖರೇ ಐತ್ರೀ. ನಾ ಒಂದು ಲೆಕ್ಕಾ ಹೇಳ್ತೀನಿ ಕೇಳ್ರಿ. ನಾವು ಹುಬ್ಳಿ ಬೆಂಗ್ಳೂರು ಹೈವೇಕ್ಕ 70ರ ಆ್ಯವರೇಜ್ ಮ್ಯಾಲೆ ಹೊಡದ್ರ 10 ಸಾವಿರ ಕಿ.ಮೀ. ಅಂದ್ರ ಇಂಜಿನ್ ಓಡೋದು 140 ತಾಸು ಚಿಲ್ರಿ. ನಿಮ್ಮ ಸಿಗ್ನಲ್‌ನ್ಯಾಗ ತಾಸಿಗೆ 10 ಕಿ.ಮೀ. ಹ್ವಾದ್ರ ಅದ 10 ಸಾವಿರಕ್ಕ 1000 ತಾಸು ಆತು! ಮೀಟರ್‌ಗೆ ಐಡ್ಲಿಂಗ್ ಕಾಣ್ಸೂದಿಲ್ರೀ, ಆಯಿಲ್ ಮಾತ್ರ ಸವಿತಿರತೈತಿ. 15 ಸಾವಿರದ ಮಾತ ಬಿಡ್ರಿ.

ಡೀಸೆಲ್ ಇದ್ದವ್ರಿಗೂ ಒಂದು ಮಾತು. ಬಿಎಸ್6 ಗಾಡ್ಯಾಗ ಡಿಪಿಎಫ್ (ಹೊಗಿಯಾಗಿನ ಮಸಿ ಹಿಡಿಯೋ ಫಿಲ್ಟರ್) ಇದ್ರ ಕಮ್ಮಿ ಬೂದಿ ಬಿಡೋ ಆಯಿಲ್ಲೇ ಬೇಕು, ಮ್ಯಾನ್ಯುಯಲ್ಲಿನ್ಯಾಗ ಎಸಿಇಎ ಸಿ3 (ಯುರೋಪಿನ ಆಯಿಲ್ ದರ್ಜೆ) ಅಂತನೋ ಏನೋ ಬರದಿರ್ತಾರ, ಅದನ್ನ ನೋಡ್ರಿ. ಫಿಲ್ಟರ್ ಬಿಸಿಯಾಗಿ ಒಳಗಿನ ಮಸಿ ಸುಡೂದಕ್ಕ ರೀಜೆನ್ ಅಂತಾರ. ಮಸಿ ಆದ್ರ ರೀಜೆನ್‌ನ್ಯಾಗ ಸುಟ್ಟ ಹೋಗತೈತಿ, ಆಯಿಲ್ ಬೂದಿ ಹೋಗೂದಿಲ್ಲ, ಫಿಲ್ಟರ್‌ನ್ಯಾಗ ಕುಂತ ಬಿಡತೈತಿ. ರೀಜೆನ್ ನಡುವೆ ಗಾಡಿ ಬಂದ್ ಮಾಡಿ ಮಾಡಿ ಡೀಸೆಲ್ ಆಯಿಲ್‌ನ್ಯಾಗ ಇಳಿದು ಲೆವೆಲ್ ಏರತೈತಿ, ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಮ್ಯಾಕ್ಸ್ ದಾಟಿದ್ರ ಹಂಗ ಓಡ್ಸಬ್ಯಾಡ್ರಿ. ಮತ್ತ ಡೀಸೆಲ್ ಆಯಿಲ್ ಚೇಂಜ್ ಮಾಡಿದ್ ಸ್ವಲ್ಪ ದಿನಕ್ಕ ಕರ್ರಗ ಆಗೂದು ಸಹಜ, ಬಣ್ಣ ನೋಡಿ ಹೆದರಬ್ಯಾಡ್ರಿ.

ಎಚ್‌ಎಸ್‌ಆರ್ ಸ್ವಿಫ್ಟ್:
ತುಂಬಾ ಥ್ಯಾಂಕ್ಸ್ ಇಬ್ರಿಗೂ, ಗಂಟೆ ಲೆಕ್ಕ ಕೇಳಿ ಗಾಬರಿ ಆಯ್ತು. ಮ್ಯಾನ್ಯುಯಲ್ ನೋಡ್ದೆ, 0ಡಬ್ಲ್ಯೂ-20 ಅಂತಾನೇ ಇದೆ. ಆಯಿಲ್ ನಾನೇ ತಗೊಂಡು ಹೋಗಿ ಗ್ಯಾರೇಜಲ್ಲಿ ಹಾಕ್ಸಿದ್ರೆ ನಡಿಯತ್ತಾ? ಮಧ್ಯ ಟಾಪ್‌ಅಪ್‌ಗೆ ಬೇರೆ ಬ್ರ್ಯಾಂಡ್ ಆದ್ರೆ ತೊಂದ್ರೆನಾ? ಇಂಜಿನ್ ಫ್ಲಶ್ (ಕೆಮಿಕಲ್ ಹಾಕಿ ಒಳಗೆ ತೊಳೆಯೋದು) ಮಾಡ್ಸಿ ಅಂತಾನೂ ಹೇಳ್ತಿದಾರೆ.

ಮೈಸೂರು ಸ್ಪ್ಯಾನರ್:
ಆರಾಮಾಗಿ ನಡಿಯತ್ತೆ. 3.5 ಲೀಟರ್ ಪ್ಯಾಕ್ ಸಿಗತ್ತೆ, ನಿಮ್ಮ ಗಾಡಿಗೆ ಮೂರು ಲೀಟರ್ ಹತ್ರ ಹಿಡಿಯತ್ತೆ, ಉಳಿದಿದ್ದು ಟಾಪ್‌ಅಪ್‌ಗೆ ಇಟ್ಕೊಳ್ಳಿ. ಡೀಲರ್ ಹತ್ರಾನೇ ಬಿಲ್ ಸಮೇತ ತಗೊಳ್ಳಿ, ನಕಲಿ ಆಯಿಲ್ ಬೇಜಾನ್ ಓಡಾಡ್ತಿದೆ, ಖಾಲಿ ಡಬ್ಬಾನೂ ಕೂಯ್ದು ಬಿಸಾಕಿ, ಇಲ್ಲಾಂದ್ರೆ ಅದ್ರಲ್ಲೇ ತುಂಬಿ ಮಾರ್ತಾರೆ. ಗ್ರೇಡ್ ಮತ್ತೆ ಎಪಿಐ ಒಂದೇ ಇದ್ರೆ ಟಾಪ್‌ಅಪ್‌ಗೆ ಬೇರೆ ಬ್ರ್ಯಾಂಡ್ ಹಾಕ್ಬೋದು. ಬೈಕ್ ಆಯಿಲ್ ಮಾತ್ರ ಹಾಕ್ಬೇಡಿ, ಅದು ಬೈಕಿನ ಕ್ಲಚ್ ಆಯಿಲಲ್ಲೇ ಮುಳುಗಿರತ್ತೆ ಅಂತ ಅದಕ್ಕೆ ತಕ್ಕಂಗೆ ಮಾಡಿರ್ತಾರೆ. ಫ್ಲಶ್ ನಿಮಗೆ ಅನಗತ್ಯ, ಆ ದುಡ್ಡಲ್ಲಿ ಒರಿಜಿನಲ್ ಫಿಲ್ಟರ್ ಮತ್ತೆ ಡ್ರೈನ್ ಬೋಲ್ಟಿಗೆ ಹೊಸ ವಾಶರ್ ತಗೊಳ್ಳಿ, ಆಯಿಲ್ ಹಾಕೋವಾಗ ಪಕ್ಕದಲ್ಲೇ ನಿಂತಿರಿ. ಎಲ್ಲಾ ಆದ್ಮೇಲೆ ಇಂಜಿನ್ ಒಂದೆರಡು ನಿಮಿಷ ಓಡ್ಸಿ, ಆಫ್ ಮಾಡಿ, ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಎರಡು ಗುರುತಿನ ಮಧ್ಯ ಇರ್ಬೇಕು, ಮ್ಯಾಕ್ಸ್ ದಾಟಿದ್ರೆ ಅಲ್ಲೇ ತೆಗೆಸಿಬಿಡಿ.